ಸಹಿ ಹಾಕುವ ಮುನ್ನ ಓದಿ ಹೇಳುವವರಾರು?

ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯನ್ನು ನಮ್ಮ ತಾಯಂದಿರು ಸರಕಾರದ ಪ್ರತಿನಿಧಿಯೆಂದು ಕಾಣುವುದಿಲ್ಲ. ಹೆರಿಗೆಯ ದಿನ ಜೊತೆಗೆ ಬಂದವಳು, ಮಗುವಿನ ಚುಚ್ಚುಮದ್ದಿನ ದಿನವನ್ನು ನೆನಪಿಸಿದವಳು, ಪಕ್ಕದ ಬೀದಿಯವಳು ಎಂದೇ ಕಾಣುತ್ತಾರೆ. ಆಕೆ ಒಂದು ಕಾಗದವನ್ನು ಮುಂದಿಟ್ಟು, ಇಲ್ಲೊಂದು ಸಹಿ ಮಾಡಿ ಎಂದರೆ ಅದನ್ನು ಓದಿ ನೋಡುವುದೇ ಆಕೆಗೆ ಮಾಡಿದ ಅವಮಾನವೆಂದು ಭಾವಿಸುವವರು ನಮ್ಮಲ್ಲಿ ಹೆಚ್ಚು. ಸರಕಾರಿ ಆರೋಗ್ಯ ಸೇವೆ ಗಳಿಸಿರುವ ಈ ವಿಶ್ವಾಸ ಸಣ್ಣದಲ್ಲ. ಆದರೆ ಅದೇ ಕೈ ಒಂದು ದಿನ ಚಿಕಿತ್ಸೆಯನ್ನೂ ಇನ್ನೊಂದು ದಿನ ಸಂಶೋಧನೆಯನ್ನೂ ಹೊತ್ತು ಬಂದಾಗ, ಯಾವುದು ಯಾವುದೆಂದು ಬೇರ್ಪಡಿಸಿ ಹೇಳುವವರು ಯಾರು?

2024ರಲ್ಲಿ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ಮೂಲಕ ವಯಸ್ಕರಿಗೆ ಬಿಸಿಜಿ ಲಸಿಕೆ ಕೊಡುವ ಅಧ್ಯಯನವು ಕರ್ನಾಟಕವೂ ಸೇರಿ ಅನೇಕ ರಾಜ್ಯಗಳಲ್ಲಿ ಆರಂಭವಾಯಿತು. ಅರುವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಧೂಮಪಾನಿಗಳು, ತೀರಾ ಕೃಶಕಾಯರು, ಹಿಂದೆ ಕ್ಷಯ ಬಂದವರು, ಕ್ಷಯರೋಗಿಯ ಮನೆಯವರು — ಇವರು ಅದರ ಗುರಿ. ಕೆಲವು ಜಿಲ್ಲೆಗಳಲ್ಲಿ ಲಸಿಕೆ ಕೊಡುವುದು, ಕೆಲವು ಜಿಲ್ಲೆಗಳಲ್ಲಿ ಕೊಡದೆ ಹೋಲಿಸಿ ನೋಡುವುದು ಇದರ ಕ್ರಮ. ಹುಟ್ಟಿದ ಮಗುವಿಗೆ ಹಾಕುವ ಅದೇ ಬಿಸಿಜಿ. ಆದರೆ ಮಗುವಿಗೆ ಹಾಕುವುದು ಕಾರ್ಯಕ್ರಮ, ಅಜ್ಜನಿಗೆ ಹಾಕುವುದು ಅಧ್ಯಯನ. 1968ರಲ್ಲಿ ತಮಿಳುನಾಡಿನ ಚೆಂಗಲ್‌ಪಟ್ಟು ಪ್ರದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ಇದೇ ಲಸಿಕೆಯನ್ನು ಪರೀಕ್ಷಿಸಿದಾಗ, ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಅದು ರಕ್ಷಣೆ ಕೊಡಲಿಲ್ಲವೆಂಬ ಫಲಿತಾಂಶ ಬಂತು. ಆ ಪ್ರಶ್ನೆಯನ್ನು ಮತ್ತೆ ಕೇಳುವುದು ತಪ್ಪೆಂದು ನಾವು ಹೇಳುವುದಿಲ್ಲ. ಕ್ಷಯ ಇಂದಿಗೂ ಕೊಲ್ಲುತ್ತಿದೆ, ಕೇಳಲೇಬೇಕು. ಆದರೆ ತೋಳು ಚಾಚಿದವರಲ್ಲಿ ಎಷ್ಟು ಮಂದಿಗೆ ತಾವು ಖಚಿತವಾದ ಕವಚವನ್ನು ಪಡೆಯುತ್ತಿಲ್ಲ, ಒಂದು ಪ್ರಶ್ನೆಗೆ ಉತ್ತರವಾಗುತ್ತಿದ್ದೇವೆ ಎಂಬುದು ತಿಳಿದಿತ್ತು?

ಕೊಡಗಿನಂತಹ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದೇ 2016ರಲ್ಲಿ. ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಜಿಲ್ಲೆಯ ಜನರು ಜಾಲತಾಣಗಳಲ್ಲಿ ಮೊರೆಯಿಟ್ಟದ್ದು ಎಲ್ಲರಿಗೂ ನೆನಪಿದೆ. ದೊಡ್ಡ ಕಾಯಿಲೆಯೆಂದರೆ ವಿರಾಜಪೇಟೆಯವರೂ ಕುಶಾಲನಗರದವರೂ ಮೈಸೂರಿನ ಅಥವಾ ಮಂಗಳೂರಿನ ದಾರಿ ಹಿಡಿಯುತ್ತಾರೆ. ಅಲ್ಲಿನ ವೈದ್ಯಕೀಯ ಕಾಲೇಜುಗಳೇ ಇಂತಹ ಪ್ರಯೋಗಗಳು ನಡೆಯುವ ತಾಣಗಳು. 2020ರಲ್ಲಿ ದೇಶದ 1,600 ಮಂದಿಯ ಮೇಲೆ ಕೋವಿಶೀಲ್ಡ್ ಪರೀಕ್ಷೆ ನಡೆದಾಗ ಮೈಸೂರಿನ ಜೆಎಸ್‌ಎಸ್ ಒಂದು ಕೇಂದ್ರವಾಗಿತ್ತು. ಇಂತಹ ಪ್ರಯೋಗಗಳಲ್ಲಿ ಕೆಲವರಿಗೆ ಸಿಗುವುದು ಲಸಿಕೆಯಲ್ಲ, ಲಸಿಕೆಯಂತೆ ಕಾಣುವ ಬರೀ ದ್ರವ. ಯಾರಿಗೆ ಯಾವುದು ಎಂಬುದು ಚುಚ್ಚಿಸಿಕೊಂಡವರಿಗೆ ತಿಳಿದಿರುವುದಿಲ್ಲ. ಇದು ಮೋಸವಲ್ಲ, ಸತ್ಯವನ್ನು ಅಳೆಯುವ ವಿಧಾನ. ಆದರೆ ಮುಂಚಿತವಾಗಿ ಬಿಡಿಸಿ ಹೇಳದಿದ್ದರೆ ಅದು ಮೋಸವೇ ಆಗುತ್ತದೆ. ಇನ್ನು ಕಾಫಿ ತೋಟದ ಲೈನ್ ಮನೆಯಲ್ಲಿರುವ ಎರವರ ಕುಟುಂಬವೋ ಅಸ್ಸಾಮಿನಿಂದ ಬಂದ ಕಾರ್ಮಿಕನೋ ಉಚಿತ ತಪಾಸಣೆ, ಉಚಿತ ಔಷಧ ಎಂಬ ಮಾತಿಗೆ ಬೇಡವೆನ್ನುವುದು ಸಾಧ್ಯವೇ? ಬೇರೆ ದಾರಿಯೇ ಇಲ್ಲದವನು ತಲೆಯಾಡಿಸಿದರೆ ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಸುಲಭ.

ಹೀಗೆ ಬರೆದುಕೊಂಡದ್ದರ ಪರಿಣಾಮವನ್ನು ದೇಶ ಒಮ್ಮೆ ಕಂಡಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾಲಕಿಯರಿಗೆ ನೀಡಲಾಯಿತು. ಪಾತ್ ಎಂಬ ಅಮೆರಿಕದ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರಕಾರಗಳು ಕೂಡಿ ನಡೆಸಿದ ಯೋಜನೆಯದು. ಸರಕಾರಿ ಆರೋಗ್ಯ ವ್ಯವಸ್ಥೆಯೇ ಅದರ ವಾಹನ. ಏಳು ಬಾಲಕಿಯರು ತೀರಿಕೊಂಡ ಸುದ್ದಿ ಹೊರಬಿದ್ದು, 2010ರ ಏಪ್ರಿಲಿನಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಕಂಡುಬಂದದ್ದು ಬೇರೆ. ಹಾಸ್ಟೆಲಿನಲ್ಲಿದ್ದ ಬಡ ಬಾಲಕಿಯರ ಪರವಾಗಿ ತಂದೆತಾಯಿಗಳ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. ಪ್ರಯೋಗವೆನ್ನದೆ ಬೇರೆ ಹೆಸರಿಟ್ಟು ಪ್ರಯೋಗದ ನಿಯಮಗಳಿಂದ ನುಣುಚಿಕೊಳ್ಳಲಾಗಿತ್ತು ಎಂದು 2013ರ ಆಗಸ್ಟಿನಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾಗಿ ಹೇಳಿತು.

ವಿಪರ್ಯಾಸವೆಂದರೆ, ಆ ಗದ್ದಲದಲ್ಲಿ ಅದೇ ಲಸಿಕೆಯ ಮೇಲೆ ದೇಶದ ಬೇರೆ ಕೇಂದ್ರಗಳಲ್ಲಿ ನಡೆಯುತ್ತಿದ್ದ ಮತ್ತೊಂದು ಅಧ್ಯಯನವೂ ಅರ್ಧಕ್ಕೆ ನಿಂತಿತು. ಎರಡು ಅಥವಾ ಮೂರು ಡೋಸ್ ಪಡೆಯಬೇಕಿದ್ದ ಸುಮಾರು ಐದು ಸಾವಿರ ಬಾಲಕಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಬಿಟ್ಟುಬಿಡಲಿಲ್ಲ, ಹತ್ತು ವರ್ಷ ಹಿಂಬಾಲಿಸಿದರು. ಒಂದೇ ಡೋಸ್ ಕೂಡ ಅಷ್ಟೇ ಕಾಪಾಡುತ್ತದೆಂದು 2021ರಲ್ಲಿ ಪ್ರಕಟಿಸಿದರು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಸಾಕಾದೀತೆಂಬ ನಿಲುವಿಗೆ ಬರಲು ನೆರವಾದ ಆಧಾರಗಳಲ್ಲಿ ಈ ಬಾಲಕಿಯರ ರಕ್ತದ ಪರೀಕ್ಷೆಗಳೂ ಸೇರಿದ್ದವು. ಇಂದು ಬಡ ದೇಶಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳಿಗೆ ಒಂದೇ ಚುಚ್ಚುಮದ್ದು ಸಾಕಾಗುತ್ತಿದ್ದರೆ ಅವರ ಋಣ ಅದರಲ್ಲಿದೆ.

ಆದುದರಿಂದ ಪ್ರಯೋಗ ಎಂಬ ಪದ ಕಿವಿಗೆ ಬಿದ್ದೊಡನೆ ಬಾಗಿಲು ಹಾಕಿಕೊಳ್ಳುವುದು ನಮ್ಮ ನಿಲುವಲ್ಲ. ನಮ್ಮ ಸಮುದಾಯಕ್ಕೆ ಆ ಚಾಳಿಯೂ ಇದೆ ಎಂಬುದನ್ನು ಒಪ್ಪಿಕೊಳ್ಳೋಣ. ಪೋಲಿಯೊ ಹನಿಯಿಂದ ಸಂತಾನ ನಿಲ್ಲುತ್ತದೆಂಬ ವದಂತಿಯನ್ನು ನಂಬಿದವರು ನಮ್ಮಲ್ಲಿದ್ದರು. 2017ರ ದಡಾರ-ರುಬೆಲ್ಲಾ ಅಭಿಯಾನದಲ್ಲಿ ಯಾರೋ ಕಳುಹಿಸಿದ ವಾಟ್ಸಾಪ್ ಸಂದೇಶವನ್ನು ನೋಡಿ ಮಕ್ಕಳನ್ನು ಶಾಲೆಗೆ ಕಳುಹಿಸದವರೂ ಇದ್ದರು. ಓದದೆ ಸಹಿ ಹಾಕುವುದಕ್ಕೂ ಕೇಳದೆ ನಿರಾಕರಿಸುವುದಕ್ಕೂ ಮೂಲ ಒಂದೇ: ಪ್ರಶ್ನೆ ಕೇಳುವ ರೂಢಿ ನಮಗಿಲ್ಲ. ರಮಝಾನ್ ಉಪವಾಸದಲ್ಲಿ ಸಕ್ಕರೆ ಕಾಯಿಲೆಯವರಿಗೆ ಏನಾಗುತ್ತದೆ ಎಂಬುದನ್ನು 2001ರಲ್ಲಿ ಭಾರತವೂ ಸೇರಿ 13 ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮುಸ್ಲಿಮ್ ರೋಗಿಗಳಿಂದ ಸಂಗ್ರಹಿಸಲಾಯಿತು. ಸಕ್ಕರೆ ಅಪಾಯಕಾರಿಯಾಗಿ ಕುಸಿಯುವ ಪ್ರಸಂಗಗಳು ಆ ತಿಂಗಳಲ್ಲಿ ಹಲವು ಪಟ್ಟು ಏರುತ್ತವೆಂದು ತಿಳಿದದ್ದು ಅದರಿಂದ. ಇಂದು ವೈದ್ಯರು ಸಹರಿ-ಇಫ್ತಾರ್‌ಗೆ ತಕ್ಕಂತೆ ಮಾತ್ರೆಯನ್ನು ಬದಲಿಸಿ ಕೊಡುತ್ತಿದ್ದರೆ ಅದರ ಹಿಂದೆ ಇಂತಹ ಅಧ್ಯಯನಗಳಿವೆ. ನಮ್ಮವರು ಯಾವ ಅಧ್ಯಯನದಲ್ಲೂ ಇಲ್ಲದಿದ್ದರೆ ನಮ್ಮ ಬದುಕಿಗೆ ಹೊಂದುವ ಔಷಧ ಜ್ಞಾನವೂ ಇರುವುದಿಲ್ಲ.

ಕಾನೂನು ಈಗ ದುರ್ಬಲವಾಗಿಲ್ಲ. ಹೊಸ ಔಷಧದ ಪ್ರಯೋಗಗಳಿಗೆ 2019ರ ನಿಯಮಗಳ ಪ್ರಕಾರ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಚಿಕಿತ್ಸೆ ನಿಲ್ಲಬಾರದು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಉಂಟು. ಓದಲು ಬಾರದವನ ಒಪ್ಪಿಗೆಗೆ ನಿಷ್ಪಕ್ಷಪಾತಿ ಸಾಕ್ಷಿ ಇರಬೇಕು. ಪ್ರಯೋಗವು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನೋಂದಣಿಯಾಗಿರಬೇಕು, ಅದನ್ನು ಮೊಬೈಲಿನಲ್ಲೇ ಯಾರೂ ನೋಡಬಹುದು. ಆದರೆ ಬ್ಯಾರಿ, ಮಲಯಾಳ, ಕೊಡವ, ಎರವ ಮಾತುಗಳು ಬೆರೆತಿರುವ ಈ ಜಿಲ್ಲೆಯಲ್ಲಿ ಗ್ರಾಂಥಿಕ ಕನ್ನಡದ ಹತ್ತು ಪುಟಗಳನ್ನು ಅರ್ಥವಾಗುವ ಭಾಷೆ ಎನ್ನಬಹುದೇ? ನಿಷ್ಪಕ್ಷಪಾತಿ ಸಾಕ್ಷಿ ಅದೇ ವಾರ್ಡಿನ ನರ್ಸ್ ಆದರೆ ಏನು ಸಾರ್ಥಕ?

ಫಲಿತಾಂಶವನ್ನು ಮರಳಿ ತಿಳಿಸುವ ವಿಷಯವನ್ನಂತೂ ಯಾರೂ ಎತ್ತುವುದಿಲ್ಲ. ಮಲೆನಾಡಿನ ಮಂಗನ ಕಾಯಿಲೆಯ ಲಸಿಕೆ 1990ರ ದಶಕದ ಆರಂಭದ ಪ್ರಯೋಗದಲ್ಲಿ ಎರಡು ಡೋಸಿಗೆ ಶೇ. 93ರಷ್ಟು ರಕ್ಷಣೆ ತೋರಿತ್ತು. 2005ರಿಂದ 2010ರ ಅಂಕಿಗಳಲ್ಲಿ ಅದು ಶೇ. 62ಕ್ಕೆ ಇಳಿದಿತ್ತು. 2022ರಲ್ಲಿ ಆ ಲಸಿಕೆಯ ಬಳಕೆಯೇ ನಿಂತಿತು. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನಲ್ಲಿ ನೋವುಂಡು ತೋಳು ಕೊಟ್ಟವರಿಗೆ ಈ ಇಳಿತವನ್ನು ಲಸಿಕೆ ತಂದಷ್ಟೇ ಶ್ರದ್ಧೆಯಿಂದ ಮನೆಮನೆಗೆ ತಿಳಿಸಬೇಕಿತ್ತು.

ಜಿಲ್ಲಾ ಆರೋಗ್ಯ ಇಲಾಖೆಯಿಂದ ನಾವು ಕೇಳುವುದು ಹೆಚ್ಚೇನಲ್ಲ. ಔಷಧ ಕೊಡುವವರೇ ಸಂಶೋಧನೆಗೆ ಸಹಿ ಕೇಳಬಾರದು. ಒಪ್ಪಿಗೆ ಪತ್ರವನ್ನು ಕನಿಷ್ಠ ಒಂದು ರಾತ್ರಿ ಮನೆಯಲ್ಲಿ ಬಿಟ್ಟು ಹೋಗಬೇಕು. ಆ ರಾತ್ರಿ ಅದನ್ನು ಓದಿ, ಮನೆಮಾತಿನಲ್ಲಿ ಹೇಳಿ, ನಾಳೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಡುವ ಹೊಣೆ ನಮ್ಮ ಕಾಲೇಜು ಓದಿದ ಹುಡುಗಿಯರದು, ಮದ್ರಸ ಅಧ್ಯಾಪಕರದು, ಜಮಾಅತ್ ಸಮಿತಿಗಳದು. ತೋಟದ ಲೈನ್ ಮನೆಗಳಿಗೂ ಅವರೇ ಹೋಗಬೇಕು. ಪ್ರಯೋಗಗಳಿಗೆ ಅನುಮತಿ ನೀಡುವ ಎಥಿಕ್ಸ್ ಕಮಿಟಿಯಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕನೊಬ್ಬನಿಗೆ ಸ್ಥಾನವಿರಲೇಬೇಕೆಂದು ನಿಯಮವಿದೆ. ಮೈಸೂರು, ಮಂಗಳೂರುಗಳ ಆಸ್ಪತ್ರೆಗಳಲ್ಲಿ ಆ ಸ್ಥಾನದಲ್ಲಿ ಯಾರಿದ್ದಾರೆಂದು ಕೊಡಗಿನ ಸಂಘಟನೆಗಳು ಈ ತಿಂಗಳಲ್ಲೇ ಪತ್ರ ಬರೆದು ವಿಚಾರಿಸಲಿ.