ಕಾಲಿಗೆ ಬೈಪಾಸೋ, ಸ್ಟೆಂಟೋ? ರಾಯಚೂರು ಕೇಳಬೇಕಾದ ಪ್ರಶ್ನೆ ಅದಕ್ಕೂ ಮೊದಲಿನದು

‘ಕಾಲಿನ ರಕ್ತನಾಳ ಬ್ಲಾಕ್ ಆದ್ರೆ ಬೈಪಾಸ್ ಒಳ್ಳೇದಾ, ಸ್ಟೆಂಟ್ ಒಳ್ಳೇದಾ?’ ಅಂತ ಮೊಬೈಲಿನ ಗೂಗಲ್‌ಗೆ ಕೇಳಿದರೆ ಕ್ಷಣದಲ್ಲಿ ರಾಶಿ ರಾಶಿ ಉತ್ತರ ಬಂದು ಬೀಳುತ್ತವೆ. ಇದೇ ಪ್ರಶ್ನೆಯನ್ನು ಇನ್ನೊಂದು ಗೂಗಲ್‌ನಿಂದ, ಅಂದ್ರೆ ದೇವದುರ್ಗ ತಾಲೂಕಿನ ಕೃಷ್ಣಾ ದಂಡೆಯ ಊರಿನಿಂದ ಕೇಳಿ ನೋಡಿ. ಅಲ್ಲಿಂದ ಹೊರಟ ರೋಗಿಯ ಮಟ್ಟಿಗೆ ಉತ್ತರವನ್ನು ಬಹುಪಾಲು ಬರೆಯುವುದು ದೂರ, ದುಡ್ಡು ಮತ್ತು ಕಳೆದುಹೋದ ದಿನಗಳು.

ಮೊದಲು ಕಾಯಿಲೆ ಏನು ಅಂತ ನೋಡೋಣ. ಸಕ್ಕರೆ ಕಾಯಿಲೆ, ಬಿಪಿ, ಬೀಡಿ-ಸಿಗರೇಟು, ವಯಸ್ಸು ಇವೆಲ್ಲ ಸೇರಿ ಕಾಲಿನ ರಕ್ತನಾಳದೊಳಗೆ ಕೊಬ್ಬು, ಸುಣ್ಣ ಕಟ್ಟುತ್ತವೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತೆ, ನಿಂತರೆ ಬಿಡುತ್ತೆ. ಇನ್ನೂ ಬಿಗಿಯಾದರೆ ಮಲಗಿದಾಗಲೂ ನೋವು, ಬೆರಳಲ್ಲಿ ಮಾಯದ ಗಾಯ, ಕೊನೆಗೆ ಗ್ಯಾಂಗ್ರೀನ್. ಇಂಜಿನಿಯರಿಂಗ್‌ನಲ್ಲಿ ಓದಿದ ಒಂದು ಸೂತ್ರ ಇಲ್ಲಿ ನೆನಪಾಗುತ್ತೆ: ಸಣ್ಣ ಕೊಳವೆಯಲ್ಲಿ ಒತ್ತಡ ಅಷ್ಟೇ ಇದ್ದು, ವ್ಯಾಸ ಅರ್ಧವಾದರೆ ಹರಿವು ಅರ್ಧವಾಗಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತೆ.

ಮಾನ್ವಿಯವರಿಗೆ ಇದನ್ನು ಸೂತ್ರ ಹಿಡಿದು ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಮೇಲೆ ತಡೆದರೆ ಕೆಳಗೆ ಏನಾಗುತ್ತೆ ಅಂತ ಚೆನ್ನಾಗಿ ಗೊತ್ತು. ಪಾದ ಅನ್ನೋದು ದೇಹದ ಟೇಲ್ ಎಂಡ್. ಬಲೂನು, ಸ್ಟೆಂಟ್ ಅಂದರೆ ಇದ್ದ ಕಾಲುವೆಯ ಹೂಳು ಸರಿಸಿ ಗೋಡೆಗೆ ಆಸರೆ ಕೊಟ್ಟಂತೆ. ತೊಡೆಸಂದಿಯಲ್ಲಿ ಸೂಜಿ ರಂಧ್ರ ಸಾಕು, ಬೇಗ ಮನೆಗೆ ಹೋಗಬಹುದು. ಆದರೆ ನಾಳ ಮತ್ತೆ ಕಟ್ಟಿಕೊಳ್ಳಬಹುದು. ಬೈಪಾಸ್ ಅಂದರೆ ರೋಗಿಯದೇ ಕಾಲಿನ ಅಭಿಧಮನಿ ತೆಗೆದು ಪಕ್ಕದಲ್ಲಿ ಹೊಸ ಕಾಲುವೆ ತೋಡಿದಂತೆ. ಹೆಚ್ಚು ಬಾಳಬಹುದು, ಆದರೆ ದೊಡ್ಡ ಆಪರೇಷನ್. ಹೃದಯ ಗಟ್ಟಿ ಇರಬೇಕು, ಗಾಯ ಮಾಯಬೇಕು.

ಎರಡು ಅಧ್ಯಯನ, ಎರಡು ಉತ್ತರ

2022ರಲ್ಲಿ ಪ್ರಕಟವಾದ ಬೆಸ್ಟ್-ಸಿಎಲ್‌ಐ ಅಧ್ಯಯನದಲ್ಲಿ, ಕಾಲು ಕಳೆದುಕೊಳ್ಳುವ ಅಪಾಯವಿದ್ದ 1,830 ರೋಗಿಗಳಿದ್ದರು. ಒಳ್ಳೆಯ ಅಭಿಧಮನಿ ಇದ್ದವರ ಗುಂಪಿನಲ್ಲಿ ಸಾವು, ಕಾಲು ಕತ್ತರಿಸುವುದು ಅಥವಾ ದೊಡ್ಡ ಮರುಚಿಕಿತ್ಸೆ, ಇವುಗಳಲ್ಲಿ ಒಂದಕ್ಕೆ ಸಿಕ್ಕವರು ಬೈಪಾಸ್‌ನಲ್ಲಿ 42.6%, ಬಲೂನು-ಸ್ಟೆಂಟ್ ದಾರಿಯಲ್ಲಿ 57.4%. ಅಂಥ ಅಭಿಧಮನಿ ಇಲ್ಲದವರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಸರಿ, ಬೈಪಾಸ್ ಗೆದ್ದಿತು ಅನ್ನುವಷ್ಟರಲ್ಲಿ 2023ರಲ್ಲಿ ಬ್ರಿಟನ್ ನೇತೃತ್ವದ ಬೇಸಿಲ್-2 ಬಂತು. ಮೊಣಕಾಲಿನ ಕೆಳಗಿನ ನಾಳಗಳಿಗೆ ಚಿಕಿತ್ಸೆ ಬೇಕಿದ್ದ 345 ಜನ. ಕಾಲು ಕಳೆದುಕೊಂಡವರು ಅಥವಾ ತೀರಿಕೊಂಡವರು ಬೈಪಾಸ್‌ನಲ್ಲಿ 63%, ಇನ್ನೊಂದರಲ್ಲಿ 53%. ಅಂತರಕ್ಕೆ ಮುಖ್ಯ ಕಾರಣ ಸಾವುಗಳ ಸಂಖ್ಯೆ.

ಗೊಂದಲ ಅನಿಸುತ್ತಾ? ನನಗೆ ಹಾಗನ್ನಿಸಲ್ಲ. ಎರಡೂ ಅಧ್ಯಯನಗಳ ರೋಗಿಗಳು, ನಾಳಗಳು, ಎಣಿಸಿದ ಫಲಿತಾಂಶಗಳು ಒಂದೇ ಅಲ್ಲ. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಸಿಗುವ ಪಾಠ ಇಷ್ಟು: ಅಭಿಧಮನಿಯನ್ನು ಸ್ಕ್ಯಾನ್ ಮಾಡಿ, ಹೃದಯ ನೋಡಿ, ಬ್ಲಾಕ್ ಎಲ್ಲಿದೆ ತಿಳಿದು, ಎರಡೂ ವಿದ್ಯೆ ಗೊತ್ತಿರುವವರು ಕೂತು ತೀರ್ಮಾನಿಸಬೇಕು. ಒಂದೇ ವಿದ್ಯೆ ಇರುವ ಕಡೆ ರೋಗಿಗೆ ಸಿಗೋದು ಆಯ್ಕೆಯಲ್ಲ, ಅಲ್ಲಿ ಇರೋದು ಮಾತ್ರ. ಇನ್ನೊಂದು ಮಾತು: ಈ ಎರಡು ಅಧ್ಯಯನಗಳಲ್ಲೂ ಭಾರತದ ಆಸ್ಪತ್ರೆಗಳಿಲ್ಲ. ಬೀಡಿ ಸೇದುವ ಚಿಕ್ಕ ವಯಸ್ಸಿನ ಗಂಡಸರಲ್ಲಿ ಕಾಣುವ ಬರ್ಜರ್ಸ್ ಕಾಯಿಲೆಗೆ ಈ ಅಂಕಿಗಳು ಹೊಂದಲ್ಲ. ಸಣ್ಣ ನಾಳಗಳೇ ಮುಚ್ಚುವ ಅದರಲ್ಲಿ ಎಷ್ಟೋ ಸಲ ಬೈಪಾಸೂ ಆಗಲ್ಲ, ಸ್ಟೆಂಟೂ ಆಗಲ್ಲ. ತಂಬಾಕು ಪೂರ್ತಿ ಬಿಡೋದೇ ಮೊದಲ ಮದ್ದು.

ರಾಜಕೀಯ ಎಲ್ಲಿದೆ?

ಬೆಲೆಯಲ್ಲಿದೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಹೃದಯದ ಸ್ಟೆಂಟ್‌ಗೆ ಗರಿಷ್ಠ ಬೆಲೆ ಕಟ್ಟಿತು. ಔಷಧ ಲೇಪಿತ ಸ್ಟೆಂಟ್‌ಗೆ ಆಗ 29,600 ರೂಪಾಯಿ. ಆ ಆದೇಶ ಹೃದಯಕ್ಕೆ ಮಾತ್ರ, ಕಾಲಿನ ಸ್ಟೆಂಟ್ ಅದರಲ್ಲಿ ಇರಲಿಲ್ಲ. ಹೃದಯಕ್ಕೆ ಸುದ್ದಿಯಿದೆ, ಲಾಬಿಯಿದೆ. ಕೂಲಿಯವನ ಪಾದಕ್ಕೆ ಎರಡೂ ಇಲ್ಲ.

ದೂರದಲ್ಲಿದೆ. ರಾಯಚೂರಿನಲ್ಲಿ ರಿಮ್ಸ್ ಇದೆ, ಒಪೆಕ್ ಆಸ್ಪತ್ರೆ ಅಂತ ಜನ ಕರೆಯುವ ಸೂಪರ್ ಸ್ಪೆಷಾಲಿಟಿ ಕಟ್ಟಡವಿದೆ. ಕಲಬುರಗಿಯಲ್ಲಿ ಜಯದೇವ ಇದೆ. ಹಾಗಿದ್ದೂ ದೊಡ್ಡ ಕಾಯಿಲೆ ಅಂದ ಕೂಡಲೇ ನಮ್ಮ ಜನ ಹೈದರಾಬಾದಿಗೋ ಬೆಂಗಳೂರಿಗೋ ಚೀಟಿ ಹಿಡಿದು ಹೊರಡುತ್ತಾರೆ. ಬಡವರ ಆರೋಗ್ಯ ವಿಮೆ ಆಪರೇಷನ್ ಖರ್ಚು ಕೊಡಬಹುದು. ಜೊತೆಗೆ ಹೋದವನ ತಪ್ಪಿದ ಕೂಲಿಯನ್ನು ಯಾರು ಕೊಡ್ತಾರೆ? ಬೈಪಾಸ್ ಆಗಲಿ, ಸ್ಟೆಂಟ್ ಆಗಲಿ, ಆಮೇಲೆ ತಪಾಸಣೆಗೆ ಮತ್ತೆ ಮತ್ತೆ ಹೋಗಲೇಬೇಕು. ನಾಲ್ಕುನೂರು ಕಿಲೋಮೀಟರ್ ಆಚೆ ಹಾಕಿದ ಸ್ಟೆಂಟ್ ಕಟ್ಟಿಕೊಂಡರೆ ತಿಳಿಯೋದೇ ಬೆರಳು ಕಪ್ಪಾದ ಮೇಲೆ.

ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ 13ರಂದು ಶುರುವಾದ ಧರಣಿ ಸಾವಿರ ದಿನ ದಾಟಿತು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಏಮ್ಸ್ ಬರುವ ತನಕ ಕಾಲುಗಳು ಕಾಯಲ್ಲ. ಮಾನ್ವಿ, ದೇವದುರ್ಗದ ತಾಲೂಕು ಆಸ್ಪತ್ರೆಗಳಲ್ಲಿ ನಾಳೆಯೇ ಮಾಡಬಹುದಾದ ಪರೀಕ್ಷೆಯೊಂದಿದೆ: ಬಿಪಿ ಪಟ್ಟಿ ಮತ್ತು ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್‌ನಿಂದ ಕಾಲಿನ ಗೆಣ್ಣಿನ ಒತ್ತಡವನ್ನು ತೋಳಿನ ಒತ್ತಡಕ್ಕೆ ಹೋಲಿಸೋದು. ಅನುಪಾತ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ ಅಂತ ಎಚ್ಚರಿಕೆ. ಸಕ್ಕರೆ ಇರುವವರಲ್ಲಿ ನಾಳ ಗಡುಸಾಗಿ ಅಂಕಿ ಸುಳ್ಳೂ ಹೇಳಬಹುದು. ಹಾಗಾಗಿ ಚಪ್ಪಲಿ ಬಿಚ್ಚಿಸಿ ಪಾದ ನೋಡೋದು, ನಾಡಿ ಮುಟ್ಟೋದು ಕಡ್ಡಾಯವಾಗಬೇಕು.

ಮುಂದಿನ ಸಲ ಶಾಸಕರು ಆಸ್ಪತ್ರೆ ಕಟ್ಟಡದ ಟೇಪು ಕತ್ತರಿಸಲು ಬಂದಾಗ ಮೂರು ಪ್ರಶ್ನೆ ಕೇಳಿ. ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತನಾಳದ ಸರ್ಜನ್ ಎಷ್ಟು ಜನ? ಕಳೆದ ವರ್ಷ ಇಲ್ಲಿ ಎಷ್ಟು ಕಾಲು ಕತ್ತರಿಸಿದಿರಿ? ಅದರಲ್ಲಿ ಎಷ್ಟು ಕಾಲುಗಳಿಗೆ ಕತ್ತರಿಸುವ ಮೊದಲು ಡಾಪ್ಲರ್ ಆಗಿತ್ತು? ಬೈಪಾಸೋ ಸ್ಟೆಂಟೋ ಅನ್ನೋದನ್ನು ಡಾಕ್ಟರು ತೀರ್ಮಾನಿಸಲಿ. ಆ ತೀರ್ಮಾನಕ್ಕೆ ಕಾಲು ಉಳಿದಿರುವಂತೆ ನೋಡಿಕೊಳ್ಳೋದು ಸರ್ಕಾರದ ಕೆಲಸ.