ವೈದ್ಯರಿಗೆ ಗಣಕಯಂತ್ರ ಏಕೆ ಒಗ್ಗುತ್ತಿಲ್ಲ?

ಜಗಳೂರಿನ ಕಡೆಯವರು ದಾವಣಗೆರೆಗೋ ಚಿತ್ರದುರ್ಗಕ್ಕೋ ಚಿಕಿತ್ಸೆಗೆ ಹೊರಟರೆ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗದ ಬಸ್ ಹತ್ತುವಾಗಲೂ, ಚನ್ನಗಿರಿಯವರು ದೊಡ್ಡಾಸ್ಪತ್ರೆಗೆ ಹೋಗುವಾಗಲೂ ಅದೇ ಚೀಲ. ಒಳಗೆ ಮಡಿಚಿ ಮಡಿಚಿ ಹರಿದ ಔಷಧ ಚೀಟಿಗಳು, ಮಾಸಿಹೋದ ಇ.ಸಿ.ಜಿ., ಯಾವ ವರ್ಷದ್ದೆಂದು ತಿಳಿಯದ ರಕ್ತಪರೀಕ್ಷೆಯ ವರದಿ.

ಆ ಚೀಲ ಮನೆಯಲ್ಲೇ ಉಳಿದರೆ? ಸಕ್ಕರೆ ಕಾಯಿಲೆಗೆ ಈಗಾಗಲೇ ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ಅದೇ ಮಾತ್ರೆಯನ್ನು ಬೇರೊಂದು ಕಂಪೆನಿಯ ಹೆಸರಿನಲ್ಲಿ ಮತ್ತೊಬ್ಬ ವೈದ್ಯರು ಬರೆದುಕೊಡಬಹುದು. ಎರಡನ್ನೂ ನುಂಗಿದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪೀತು. ಪೆನಿಸಿಲಿನ್ ಒಗ್ಗದವರಿಗಂತೂ ಒಂದು ಚುಚ್ಚುಮದ್ದು ಪ್ರಾಣಕ್ಕೇ ಎರವಾಗಬಹುದು.

ಇದಕ್ಕೆ ಪರಿಹಾರವೆಂದು 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಆರಂಭವಾದದ್ದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. ಇದರಡಿ ಸಿಗುವ 14 ಅಂಕಿಗಳ ಆಭಾ ಸಂಖ್ಯೆಯ ಮೂಲಕ, ರೋಗಿ ಒಪ್ಪಿದರೆ, ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆಯ ವೈದ್ಯರು ನೋಡಬಹುದು. ಆದರೆ ವೈದ್ಯರು ವಿವರ ತುಂಬದಿದ್ದರೆ ಆ ಸಂಖ್ಯೆ ಹಣ ಕಟ್ಟದ ಪಾಸ್‌ಬುಕ್ಕಿನಂತೆ ಖಾಲಿಯಾಗಿಯೇ ಇರುತ್ತದೆ.

ವೈದ್ಯರೇಕೆ ತುಂಬುವುದಿಲ್ಲ? ಅವರನ್ನು ಸೋಮಾರಿಗಳೆಂದು ದೂರುವುದು ಸುಲಭ; ಆದರೆ ಅದು ನ್ಯಾಯವಲ್ಲ. ಮೊದಲ ಅಡ್ಡಿ ಸಮಯ. ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆಂಬ ಬಗ್ಗೆ 67 ದೇಶಗಳ ಮಾಹಿತಿ ಕಲೆಹಾಕಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಅದು ಸುಮಾರು ಎರಡು ನಿಮಿಷ! ಅಷ್ಟರಲ್ಲಿ ನಾಡಿ ನೋಡಬೇಕೋ, ಕೀಲಿಮಣೆ ಒತ್ತಬೇಕೋ?

ಎರಡನೆಯದು ಭಾಷೆ. ರೋಗಿ "ಎದೆ ಹಿಡಿದಂಗಾಗುತ್ತೆ, ಕಣ್ಣು ಕತ್ಲೆ ಬರುತ್ತೆ" ಎನ್ನುತ್ತಾರೆ. ಇದನ್ನು ಇಂಗ್ಲಿಷಿಗೆ ತಿರುಗಿಸಿ, ತಂತ್ರಾಂಶ ತೋರಿಸುವ ಖಾನೆಗಳಲ್ಲಿ ಕೂರಿಸಬೇಕು. ಒಬ್ಬರೇ ವೈದ್ಯರಿರುವ ಕ್ಲಿನಿಕ್ಕಿಗೆ ಯಂತ್ರ, ತಂತ್ರಾಂಶ, ಯು.ಪಿ.ಎಸ್. ಎಲ್ಲವೂ ಕೈಯಿಂದ ಹಾಕುವ ಖರ್ಚು. ಸರ್ಕಾರಿ ಆಸ್ಪತ್ರೆಯಲ್ಲಿ ರಿಜಿಸ್ಟರಿನಲ್ಲೂ ಬರೆದು ಯಂತ್ರಕ್ಕೂ ತುಂಬಬೇಕಾದರೆ ಕೆಲಸ ದುಪ್ಪಟ್ಟು. ಮಾಹಿತಿ ಸೋರೀತೆಂಬ ಅಂಜಿಕೆಯೂ ಸುಳ್ಳಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕ ಜಾಲದ ಮೇಲೆ ದಾಳಿಯಾಗಿ, ದಿನಗಟ್ಟಲೆ ಕೈಬರಹದಲ್ಲೇ ಕೆಲಸ ನಡೆಸಬೇಕಾಯಿತು.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಬೇರೆಯೇ ಇದೆ. ಜಗಳೂರಿನ ವೈದ್ಯರು ಶ್ರಮಪಟ್ಟು ತುಂಬಿದ ವಿವರದ ಲಾಭ ಸಿಗುವುದು ದಾವಣಗೆರೆಯ ವೈದ್ಯರಿಗೆ ಮತ್ತು ರೋಗಿಗೆ. ದುಡಿಮೆ ಒಬ್ಬರದು, ಫಲ ಇನ್ನೊಬ್ಬರದು. ಅಮೆರಿಕದಲ್ಲಿ 2009ರ ಕಾನೂನಿನ ಮೂಲಕ ಹಣ ಕೊಟ್ಟು ವೈದ್ಯರನ್ನು ಇದಕ್ಕೆ ಒಗ್ಗಿಸಿದರು. ಗಣಕಯಂತ್ರಗಳೇನೋ ಬಂದವು, ಆದರೆ ವೈದ್ಯರು ರೋಗಿಯ ಮುಖ ಬಿಟ್ಟು ಪರದೆಯನ್ನೇ ನೋಡುತ್ತಾರೆಂಬ ದೂರೂ ಜೊತೆಗೇ ಬಂತು. ನಾವು ಅದೇ ತಪ್ಪು ಮಾಡುವುದು ಬೇಡ.

ಆದ್ದರಿಂದ ತಾಲ್ಲೂಕು ಆಸ್ಪತ್ರೆಗಳಿಗೆ ಯಂತ್ರದ ಜೊತೆಗೆ, ವೈದ್ಯರ ಪಕ್ಕ ಕುಳಿತು ವಿವರ ತುಂಬುವ ತರಬೇತಾದ ಸಹಾಯಕರನ್ನೂ ಕೊಡಬೇಕು. ಒಮ್ಮೆ ತುಂಬಿದ್ದನ್ನು ಮತ್ತೆ ರಿಜಿಸ್ಟರಿನಲ್ಲಿ ಬರೆಸಬಾರದು. ಮೊದಲು ಮಾತ್ರೆಗಳ ಪಟ್ಟಿ, ಒಗ್ಗದ ಔಷಧ, ಹಳೆಯ ಕಾಯಿಲೆ, ಈ ಮೂರನ್ನಷ್ಟೇ ತುಂಬಿದರೂ ಎಷ್ಟೋ ಅನಾಹುತ ತಪ್ಪುತ್ತದೆ.

ಅಲ್ಲಿಯವರೆಗೆ ಮನೆಯವರು ಮಾಡಬೇಕಾದದ್ದೂ ಇದೆ. ಪ್ರತಿಯೊಬ್ಬರಿಗೂ ಒಂದು ಫೈಲ್ ಇಟ್ಟು ಚೀಟಿಗಳನ್ನು ತಾರೀಖಿನಂತೆ ಜೋಡಿಸಿ. ಮೇಲಿನ ಹಾಳೆಯಲ್ಲಿ ಆ ಮೂರು ವಿವರಗಳನ್ನು ಬರೆದಿಡಿ. ಇ.ಸಿ.ಜಿ. ಕಾಗದ ಮಾಸುವ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಒಳರೋಗಿಯ ದಾಖಲೆಯನ್ನು ವೈದ್ಯರು ಮೂರು ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ ವೈದ್ಯಕೀಯ ಪರಿಷತ್ತಿನ 2002ರ ನಿಯಮ. ಸಂಕೋಚಪಡದೆ ಕೇಳಿ ಪಡೆಯಿರಿ. ಆಸ್ಪತ್ರೆಗೆ ಹೊರಡುವಾಗ ಆ ಫೈಲನ್ನು ಮಾತ್ರ ಮರೆಯಬೇಡಿ.