ನೂರಕ್ಕೆ ನೂರರ ಹಿಂದಿನ ಲೆಕ್ಕ

ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಬೆನ್ನಿಗೇ ಬಸವಕಲ್ಯಾಣ ಮತ್ತು ಹುಮನಾಬಾದಿನ ರಸ್ತೆಬದಿಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಅವುಗಳಲ್ಲಿ ಕ್ಯಾಥೋಲಿಕ್ ಪ್ರೌಢಶಾಲೆಗಳ ಮಕ್ಕಳ ಮುಖಗಳೂ ಇರುತ್ತವೆ. ಭಾವಚಿತ್ರದ ಕೆಳಗೆ 625ಕ್ಕೆ ಪಡೆದ ಅಂಕ, ಮೇಲೆ ದಪ್ಪಕ್ಷರದಲ್ಲಿ ಶಾಲೆಯ ಶೇಕಡಾವಾರು ಫಲಿತಾಂಶ. ಈ ಸಾಧನೆ ಸುಳ್ಳಲ್ಲ. ಆ ಮಕ್ಕಳ ಪರಿಶ್ರಮವನ್ನು, ಅವರ ಬೆನ್ನಿಗೆ ನಿಂತ ಫಾದರ್‌, ಸಿಸ್ಟರ್‌ಗಳ ಹಾಗೂ ಶಿಕ್ಷಕರ ನಿಷ್ಠೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅರ್ಥಶಾಸ್ತ್ರ ಓದಿ, ಸೇವಾವಧಿಯುದ್ದಕ್ಕೂ ಅಂಕಿಅಂಶಗಳ ನಡುವೆಯೇ ಬದುಕಿದ ನನಗೆ ಯಾವ ಶೇಕಡಾವಾರು ಕಂಡರೂ ಒಂದು ಪ್ರಶ್ನೆ ಏಳುತ್ತದೆ: ಇದರ ಛೇದ ಯಾವುದು? ಎಷ್ಟು ಮಂದಿಯಲ್ಲಿ ಎಷ್ಟು ಮಂದಿ?

ಪ್ರಶ್ನೆಯ ಮಹತ್ವ ತಿಳಿಯಲು ಆ ನೆಲದ ಹಿನ್ನೆಲೆಯನ್ನು ನೆನೆಯಬೇಕು. ಬೀದರ್ ಸೀಮೆ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಕಚೇರಿ ಮತ್ತು ಶಾಲೆಗಳ ಭಾಷೆ ಉರ್ದು. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಸಾಹಸವನ್ನು ಆ ಭಾಗದ ಜನ ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. 1956ರಲ್ಲಿ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತಾದರೂ ಶಿಕ್ಷಣದ ಹಿನ್ನಡೆ ನೀಗಲಿಲ್ಲ. 2011ರ ಜನಗಣತಿಯ ವೇಳೆ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ಬೀದರ್ ಜಿಲ್ಲೆಯದು ಶೇ 70.51, ಅಲ್ಲಿನ ಮಹಿಳೆಯರದು ಶೇ 61.55. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94ರಷ್ಟು ಫಲಿತಾಂಶ ಪಡೆದರೆ ಯಾದಗಿರಿ ಶೇ 50.59ಕ್ಕೆ ನಿಂತಿತು. 2025ರಲ್ಲಿ ಕೊನೆಯ ಸ್ಥಾನ ಕಲಬುರಗಿಯದು, ಶೇ 42.43. ಬೀದರ್ ಕೂಡ ಪಟ್ಟಿಯ ಕೆಳಗಿನ ಸಾಲುಗಳಲ್ಲೇ ಇದೆ.

ಇಂಥ ಪರಿಸರದಲ್ಲಿ ಕ್ಯಾಥೋಲಿಕ್ ಪ್ರೌಢಶಾಲೆ ಜನರ ವಿಶ್ವಾಸ ಗಳಿಸಿದ್ದು ಸಹಜ. ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಸಂಸ್ಥೆ ಆರಂಭವಾದದ್ದು 1880ರಲ್ಲಿ. ಕರಾವಳಿಯ ಸಾಕ್ಷರತೆಯ ಹಿಂದೆ ಒಂದೂವರೆ ಶತಮಾನದ ಇಂಥ ದುಡಿಮೆಯಿದೆ. ಕಲಬುರಗಿ ಧರ್ಮಪ್ರಾಂತ್ಯ ಪ್ರತ್ಯೇಕವಾಗಿ ರೂಪುಗೊಂಡದ್ದು 2005ರಲ್ಲಷ್ಟೆ. ಬೀದರ್ ಜಿಲ್ಲೆಯ ಕ್ರೈಸ್ತರಲ್ಲಿ ಮೆಥಡಿಸ್ಟರೇ ಹೆಚ್ಚು, ಕ್ಯಾಥೋಲಿಕರು ಬೆರಳೆಣಿಕೆಯಷ್ಟು. ಹೀಗಾಗಿ ಇಲ್ಲಿನ ಕಾನ್ವೆಂಟಿನ ತರಗತಿಯಲ್ಲಿ ಕೂರುವ ಮಕ್ಕಳು ಬಹುಪಾಲು ಅನ್ಯಧರ್ಮೀಯರು: ಲಿಂಗಾಯತ ವ್ಯಾಪಾರಿಯ ಮಗಳು, ಮುಸ್ಲಿಂ ಗೌಂಡಿಯ ಮಗ, ಮರಾಠಿ ಮಾತಾಡುವ ಮನೆಯ ಹುಡುಗ, ತಾಂಡಾದಿಂದ ಬಂದ ಲಂಬಾಣಿ ಬಾಲಕಿ. ಮನೆಯಲ್ಲಿ ಆಡುವ ನುಡಿ ನಾಲ್ಕು, ಶಾಲೆಯ ಮಾಧ್ಯಮ ಇಂಗ್ಲಿಷ್, ಪರಸ್ಪರ ಮಾತು ಕನ್ನಡ ಮತ್ತು ದಖನಿ ಬೆರೆತ ಬೀದರ್ ಬೋಲಿ.

ಈ ಸಹವಾಸವೇ ಆ ಶಾಲೆಗಳ ಮೊದಲ ಸಾಧನೆ ಎಂಬುದು ನನ್ನ ಅಭಿಪ್ರಾಯ. ಬೆಳಗಿನ ಪ್ರಾರ್ಥನೆಯಲ್ಲಿ ಒಂದೇ ಸಾಲು, ಕ್ರೀಡಾಕೂಟದಲ್ಲಿ ಒಂದೇ ತಂಡ, ವಾರ್ಷಿಕೋತ್ಸವದಲ್ಲಿ ಒಂದೇ ರಂಗ. ಕ್ರಿಸ್‌ಮಸ್ ಗೋದಲಿ ಕಟ್ಟುವ ಕೈಗಳೇ ಬಸವ ಜಯಂತಿಯ ಹಾರವನ್ನೂ ಕಟ್ಟುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನ ಮಗ ಮತ್ತು ಮಧುವರಸನ ಮಗಳ ವಿವಾಹಕ್ಕಾಗಿ ರಕ್ತ ಹರಿಯಿತೆಂದು ಪರಂಪರೆ ಹೇಳುವ ಊರು ಕಲ್ಯಾಣ. ಕಾಯಕಭೇದ, ಕುಲಭೇದ ಎಣಿಸದೆ ಒಟ್ಟಿಗೆ ಕುಳಿತು ಮಾತಾಡುವುದು ಅಲ್ಲಿ ಎಷ್ಟು ದುಬಾರಿಯಾಗಿತ್ತೆಂದು ಬಲ್ಲವರಿಗೆ ಶಾಲೆಯ ಬೆಂಚು ಸಣ್ಣ ಸಂಗತಿಯಾಗಿ ಕಾಣದು. ಅರ್ಥಶಾಸ್ತ್ರಜ್ಞರು ಇದನ್ನು ಸಹಪಾಠಿ ಪ್ರಭಾವವೆನ್ನುತ್ತಾರೆ. ಅಕ್ಷರ ಬಲ್ಲ ಮನೆಯ ಮಗು, ಅಕ್ಷರವಿಲ್ಲದ ಮನೆಯ ಮಗು ಜತೆಯಾಗಿ ಕಲಿತಾಗ ಎರಡನೆಯದಕ್ಕೆ ಆಗುವ ಲಾಭ ಯಾವ ಶುಲ್ಕದ ರಸೀದಿಯಲ್ಲೂ ನಮೂದಾಗುವುದಿಲ್ಲ.

ಆತಂಕ ಇರುವುದು ಇಲ್ಲಿಯೇ. ಫ್ಲೆಕ್ಸಿನ ಶೇಕಡಾವಾರು ಈ ಸಹವಾಸವನ್ನೇ ಕೊರೆಯಬಲ್ಲದು. ಕಡ್ಡಾಯ ಶಿಕ್ಷಣ ಕಾಯ್ದೆ ಎಂಟನೆಯ ತರಗತಿಯವರೆಗಿನ ಮಗುವನ್ನು ಶಾಲೆಯಿಂದ ಹೊರಹಾಕಬಾರದೆಂದು ಹೇಳುತ್ತದೆ. ಒಂಬತ್ತಕ್ಕೆ ಆ ರಕ್ಷಣೆ ಇಲ್ಲ. ಆದ್ದರಿಂದ ಫಲಿತಾಂಶದ ಪೈಪೋಟಿಗೆ ಬಿದ್ದ ಖಾಸಗಿ ಶಾಲೆಗಳು, ಯಾವುದೇ ಧರ್ಮದ, ಯಾವುದೇ ಆಡಳಿತದ ಶಾಲೆಗಳಿರಲಿ, ಹಿಂದುಳಿದ ಮಗುವನ್ನು ಒಂಬತ್ತರಲ್ಲೇ ಸೋಸುವ ಆಮಿಷಕ್ಕೆ ಒಳಗಾಗುತ್ತವೆ. ಪೋಷಕರನ್ನು ಕರೆಸಿ, ಟಿ.ಸಿ. ತೆಗೆದುಕೊಂಡು ಬೇರೆಡೆ ಸೇರಿಸಿ ಎಂದು ಸಲಹೆ ನೀಡಿದರೆ ಮುಗಿಯಿತು. ನಾನು ಬೀದರ್ ಜಿಲ್ಲೆಯಲ್ಲಿ ಸೇವೆಯಲ್ಲಿದ್ದಾಗ ತೊಗರಿ ಬೆಳೆಯುವ ರೈತರೊಬ್ಬರು ಅಂಥದೇ ಕಾಗದ ಹಿಡಿದು ಕಚೇರಿಗೆ ಬಂದಿದ್ದರು. ಅವರೆಂದ ಮಾತು ಇಷ್ಟೇ: 'ಸಾಹೇಬ್ರ, ನನ್ನ ಮಗಳು ಪರೀಕ್ಷಾದಾಗ ಫೇಲ್ ಆಗಿಲ್ರಿ, ಪರೀಕ್ಷಾಕ್ಕ ಕೂಡಿಸೇ ಇಲ್ರಿ.' ಆ ಶಾಲೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಆ ಮಗಳು ಯಾವ ಶೇಕಡಾವಾರಿನಲ್ಲೂ ಇಲ್ಲ ಎಂಬುದು ಮುಖ್ಯ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಂದು ಶಾಲೆಯ ಎಂಟನೆಯ ತರಗತಿಗೆ ಅರವತ್ತು ಮಕ್ಕಳು ಸೇರಿ, ಹತ್ತನೆಯದಕ್ಕೆ ಬರುವಷ್ಟರಲ್ಲಿ ಹದಿನಾಲ್ಕು ಮಂದಿ ಹೊರಬಿದ್ದು, ಉಳಿದ ನಲವತ್ತಾರು ಮಂದಿಯೂ ತೇರ್ಗಡೆಯಾದರೆ ಫಲಿತಾಂಶ ನೂರಕ್ಕೆ ನೂರು. ಪಕ್ಕದ ಶಾಲೆ ಅರವತ್ತೂ ಮಕ್ಕಳನ್ನು ಉಳಿಸಿಕೊಂಡು ಐವತ್ತು ಮಂದಿಯನ್ನು ದಾಟಿಸಿದರೆ ಅದರ ಫಲಿತಾಂಶ ಶೇ 83. ಮೆರವಣಿಗೆ ಮೊದಲನೆಯದಕ್ಕೆ. ದಡ ಸೇರಿಸಿದ ಮಕ್ಕಳ ಸಂಖ್ಯೆ ಎರಡನೆಯದರಲ್ಲಿ ಹೆಚ್ಚು. ನಾವು ಗೌರವಿಸುತ್ತಿರುವುದು ಕಲಿಸುವ ಸಾಮರ್ಥ್ಯವನ್ನೋ, ಸೋಸುವ ಸಾಮರ್ಥ್ಯವನ್ನೋ?

ಕಲ್ಯಾಣ ಕರ್ನಾಟಕದ ಮಟ್ಟಿಗೆ ಇದು ಬರಿಯ ನೈತಿಕ ಪ್ರಶ್ನೆಯಲ್ಲ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯ ಫಲವಾಗಿ ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಇತರೆಡೆ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾಗಿವೆ. ಪ್ರಾದೇಶಿಕ ಹುದ್ದೆಗಳಲ್ಲಿ ದರ್ಜೆಗನುಗುಣವಾಗಿ ಶೇ 75ರಿಂದ 85ರವರೆಗೆ ಮೀಸಲಾತಿ ಇದೆ. ಮಾಳಿಗೆಯ ಮೇಲೆ ಕೋಣೆಗಳು ಸಿದ್ಧವಾಗಿವೆ. ಏಣಿಯ ಕೆಳಗಿನ ಮೆಟ್ಟಿಲೇ ಮುರಿದಿದೆ. ಎಸ್ಸೆಸ್ಸೆಲ್ಸಿ ದಾಟದವರಿಗೆ 371(ಜೆ) ಕಾಗದದ ಮೇಲಿನ ಅಕ್ಷರ ಮಾತ್ರ. ಅವರ ಪಾಲಿಗೆ ಉಳಿಯುವುದು ಹೈದರಾಬಾದ್ ಅಥವಾ ಪುಣೆಯ ಕಟ್ಟಡ ಕೆಲಸ. ಹುಡುಗಿಯಾದರೆ ಬೇಗನೆ ಮದುವೆ.

ಶಾಲೆಗಳ ಕಷ್ಟವೂ ಇದೆ, ಅದನ್ನು ಮರೆಯಬಾರದು. ಕರಾವಳಿಯ ಹಳೆಯ ಕ್ಯಾಥೋಲಿಕ್ ಶಾಲೆಗಳಲ್ಲಿ ಅನೇಕವು ಸರ್ಕಾರಿ ಅನುದಾನದಲ್ಲಿ ಬೆಳೆದವು. ತಡವಾಗಿ ಹುಟ್ಟಿದ ಶಾಲೆಗಳಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಶುಲ್ಕವೇ ಆಧಾರವಾದಾಗ ಪ್ರವೇಶ ಬೇಕು, ಪ್ರವೇಶಕ್ಕೆ ಪ್ರಚಾರ ಬೇಕು, ಪ್ರಚಾರಕ್ಕೆ ಫಲಿತಾಂಶ ಬೇಕು. ಫ್ಲೆಕ್ಸ್ ನೋಡಿಯೇ ಮಗುವನ್ನು ಸೇರಿಸುವ ನಮ್ಮಂಥ ಮಧ್ಯಮವರ್ಗದ ಪೋಷಕರೂ ಈ ಸರಪಳಿಯ ಕೊಂಡಿಗಳೇ.

ಖಾಸಗಿ ಸಂಸ್ಥೆ ದುರ್ಬಲ ಮಗುವಿನ ಹೊರೆ ಏಕೆ ಹೊರಬೇಕು ಎಂದು ಕೇಳುವವರಿದ್ದಾರೆ. ಉತ್ತರ ಎರಡು ಬಗೆಯದು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ವಿಶೇಷ ರಕ್ಷಣೆ ನೀಡಿದೆ. 2014ರ ಪ್ರಮತಿ ಪ್ರಕರಣದ ತೀರ್ಪು ಅವನ್ನು ಕಡ್ಡಾಯ ಶಿಕ್ಷಣ ಕಾಯ್ದೆಯಿಂದಲೇ ಹೊರಗಿಟ್ಟಿತು. ಆ ತೀರ್ಪಿನ ಮರುಪರಿಶೀಲನೆ ಅಗತ್ಯವೆಂದು 2025ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಅಭಿಪ್ರಾಯಪಟ್ಟಿದೆ. ಇಷ್ಟು ದೊಡ್ಡ ವಿನಾಯಿತಿ ಪಡೆದವರು ಸಮಾಜಕ್ಕೆ ಲೆಕ್ಕ ಒಪ್ಪಿಸುವುದು ನ್ಯಾಯ. ಇನ್ನು ಎರಡನೆಯದು ಅವರದೇ ಮಾತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆಯು ಬಡವರು, ಕುಟುಂಬದ ಆಸರೆ ಇಲ್ಲದವರು ಮತ್ತು ಅನ್ಯಧರ್ಮೀಯರ ವಿಷಯದಲ್ಲಿ ಕ್ಯಾಥೋಲಿಕ್ ಶಾಲೆಗಳಿಗೆ ವಿಶೇಷ ಕಾಳಜಿ ಇರಬೇಕೆಂದು ಸೂಚಿಸುತ್ತದೆ. ಗಣಿತದಲ್ಲಿ ಎಡವಿದ ತಾಂಡಾದ ಹುಡುಗಿಗೆ ಈ ಮೂರೂ ವಿಶೇಷಣಗಳು ಅನ್ವಯಿಸಬಹುದು.

ಪರಿಹಾರ ದುಬಾರಿಯದೇನಲ್ಲ. ರಾಜ್ಯದ ಪ್ರತಿ ಶಾಲಾ ಮಗುವಿಗೂ 'ಸ್ಯಾಟ್ಸ್' ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಇದೆ. ವಿದ್ಯಾರ್ಥಿಯ ಸಾಧನೆಯ ಜಾಡು ಹಿಡಿಯುವುದೇ ಅದರ ಉದ್ದೇಶ. ಎಂಟನೆಯ ತರಗತಿಗೆ ಸೇರಿದವರಲ್ಲಿ ಮೂರನೆಯ ವರ್ಷದ ಕೊನೆಗೆ ಅದೇ ಶಾಲೆಯಿಂದ ಎಷ್ಟು ಮಂದಿ ಪರೀಕ್ಷೆ ಬರೆದರು, ಎಷ್ಟು ಮಂದಿ ತೇರ್ಗಡೆಯಾದರು ಎಂಬ ಅಂಕಿಗಳನ್ನು ಶಿಕ್ಷಣ ಇಲಾಖೆ ಶಾಲಾವಾರು ಪ್ರಕಟಿಸಲಿ. ಊರು ಬಿಟ್ಟು ಹೋದವರನ್ನು ಬೇರೆಯಾಗಿ ತೋರಿಸಲಿ. ಶಾಲೆಗಳಿಗೆ ಶ್ರೇಣಿ ನೀಡುವಾಗ ಈ ಅಂಕಿಯನ್ನೂ ಪರಿಗಣಿಸಲಿ. ಸರ್ಕಾರಿ, ಅನುದಾನಿತ, ಖಾಸಗಿ, ಅಲ್ಪಸಂಖ್ಯಾತ ಎಂಬ ಭೇದ ಇಲ್ಲಿ ಬೇಡ.

ಇಲಾಖೆಯ ಆದೇಶಕ್ಕೆ ಕಾಯದೆ ಬಸವಕಲ್ಯಾಣ ಮತ್ತು ಹುಮನಾಬಾದಿನ ಕ್ಯಾಥೋಲಿಕ್ ಶಾಲೆಗಳೇ ಈ ಲೆಕ್ಕವನ್ನು ಸ್ವಯಂಪ್ರೇರಣೆಯಿಂದ ಪ್ರಕಟಿಸಿದರೆ ಅದೊಂದು ಮೇಲ್ಪಂಕ್ತಿಯಾದೀತು. ಶಿಸ್ತು, ಸಮಯಪಾಲನೆ, ಬಿಳಿ ಸಮವಸ್ತ್ರಗಳಲ್ಲಿ ಅವರನ್ನು ಅನುಕರಿಸಿದ ಊರಿನ ಇತರ ಶಾಲೆಗಳು ಇದನ್ನೂ ಅನುಕರಿಸದೆ ಇರಲಾರವು. ಒಂಬತ್ತನೆಯ ತರಗತಿಯ ಹಿಂದುಳಿದ ಮಕ್ಕಳಿಗೆ ಸಂಜೆಯ ಒಂದು ಗಂಟೆ ಗಣಿತ ಮತ್ತು ಇಂಗ್ಲಿಷ್ ಪಾಠ. ಅದಕ್ಕೆ ಊರಿನ ನಿವೃತ್ತ ಶಿಕ್ಷಕರ, ಹಳೆಯ ವಿದ್ಯಾರ್ಥಿಗಳ ನೆರವು ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಪೋಷಕರಾದ ನಾವೂ ಪ್ರವೇಶಕ್ಕೆ ಹೋದಾಗ ಕಳೆದ ವರ್ಷ ಎಷ್ಟು ಮಂದಿ ಡಿಸ್ಟಿಂಕ್ಷನ್ ಎಂದು ಕೇಳುವ ಮೊದಲು, ಒಂಬತ್ತರಲ್ಲಿ ಎಷ್ಟು ಮಂದಿ ಬಿಟ್ಟುಹೋದರು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು.

620 ಅಂಕ ಪಡೆಯಬಲ್ಲ ಮಗು ಯಾವ ಶಾಲೆಯಲ್ಲಿದ್ದರೂ ಬಹುಶಃ ದಾರಿ ಕಂಡುಕೊಳ್ಳುತ್ತದೆ. 220ರ ಮಗುವಿಗೆ ಶಾಲೆಯೇ ದಾರಿ. ಒಂದು ಸಂಸ್ಥೆಯ ನಿಜವಾದ ಸಾಧನೆಯನ್ನು ಅಳೆಯಬೇಕಾದದ್ದು ಅದು ಕೈಬಿಡದೆ ಉಳಿಸಿಕೊಂಡ ಮಕ್ಕಳ ಸಂಖ್ಯೆಯಿಂದ.